ಆ ದಿನ ಡಾಲರ್ ಎಷ್ಟಿತ್ತು? ಹಳೆಯ ರೂಪಾಯಿ–ಡಾಲರ್ ದರ ಹುಡುಕುವ, ಬಳಸುವ ಕ್ರಮ

2013ರ ಆಗಸ್ಟ್ 28ರಂದು ಡಾಲರ್ ಎಷ್ಟಿತ್ತು ಎಂದು ಕೇಳಿದರೆ ಮೂರು ಉತ್ತರ ಸಿಗುತ್ತವೆ. ರಿಸರ್ವ್ ಬ್ಯಾಂಕ್ ಆ ಮಧ್ಯಾಹ್ನ ಪ್ರಕಟಿಸಿದ ಉಲ್ಲೇಖ ದರ 68.36 ರೂಪಾಯಿ. ಆಮೇಲೆ ರೂಪಾಯಿ ಇನ್ನೂ ಜಾರಿ 68.85ರವರೆಗೆ ಹೋಗಿತ್ತು. ಸಂಜೆ ಮಾರುಕಟ್ಟೆ ಮುಚ್ಚಿದ್ದು 68.80ರ ಆಸುಪಾಸಿನಲ್ಲಿ. ಮೂರೂ ಸರಿಯಾದ ಲೆಕ್ಕವೇ. ಇನ್ನು ಅದೇ ದಿನ ಕೌಂಟರಿನಲ್ಲಿ ನೋಟು ಕೊಂಡವರು ಕೊಟ್ಟ ದರವೇ ಬೇರೆ, ಅಮೆರಿಕದಿಂದ ಮನೆಗೆ ಹಣ ಕಳಿಸಿದವರಿಗೆ ಸಿಕ್ಕ ದರವೇ ಬೇರೆ.

ಆದ್ದರಿಂದ ದಿನಾಂಕ ಹಿಡಿದು ಹುಡುಕಾಟ ಶುರು ಮಾಡಬೇಡಿ. ಆ ದರ ಯಾವ ಕೆಲಸಕ್ಕೆ ಬೇಕು ಎಂಬುದನ್ನು ಮೊದಲು ಒಂದು ಸಾಲಿನಲ್ಲಿ ಬರೆದುಕೊಳ್ಳಿ: ತೆರಿಗೆ ರಿಟರ್ನಿಗೋ, ಕಂಪನಿಯ ಲೆಕ್ಕಪುಸ್ತಕಕ್ಕೋ, ಒಂದು ಲೇಖನಕ್ಕೋ, ಅಜ್ಜನ ಕಾಲದ ಪತ್ರದಲ್ಲಿರುವ 200 ಡಾಲರ್ ಆಗ ಎಷ್ಟು ರೂಪಾಯಿ ಎಂದು ತಿಳಿಯಲಿಕ್ಕೋ. ಯಾವ ದರ, ಯಾವ ದಿನದ್ದು, ಎಲ್ಲಿ ಸಿಗುತ್ತದೆ ಎಂಬ ಮೂರೂ ಅದರ ಮೇಲೆ ನಿಂತಿವೆ.

ಒಂದೇ ದಿನದ ಹಲವು ದರಗಳು

ಉಲ್ಲೇಖ ದರ, ಅಂದರೆ ರೆಫರೆನ್ಸ್ ರೇಟ್, ಕೊಳ್ಳುವ–ಮಾರುವ ದರಗಳ ನಡುವಿನ ಅಂಕಿ. ಆ ದರಕ್ಕೆ ಯಾರೂ ನಿಮಗೆ ಡಾಲರ್ ಕೊಡುವುದಿಲ್ಲ. 2018ರ ಜುಲೈ 9ರವರೆಗೆ ಇದನ್ನು ರಿಸರ್ವ್ ಬ್ಯಾಂಕ್ ಪ್ರಕಟಿಸುತ್ತಿತ್ತು. ಜುಲೈ 10ರಿಂದ ಆ ಕೆಲಸ ಎಫ್‌ಬಿಐಎಲ್ ಎಂಬ ಬೆಂಚ್‌ಮಾರ್ಕ್ ಸಂಸ್ಥೆಗೆ ಹೋಯಿತು. ಬೆಳಗ್ಗೆ 11.30ರಿಂದ 12.30ರೊಳಗೆ ಯಾವುದಾದರೂ 15 ನಿಮಿಷವನ್ನು ಆರಿಸಿ, ಆಗ ನಡೆದ ವ್ಯವಹಾರಗಳಿಂದ ದರ ತೆಗೆಯುತ್ತಾರೆ. ಡಾಲರ್, ಯೂರೋ, ಪೌಂಡ್, ಯೆನ್ ನಾಲ್ಕಕ್ಕೂ ಇದು ಸಿಗುತ್ತದೆ. ಯೆನ್ ದರ ಮಾತ್ರ 100 ಯೆನ್‌ಗೆ ಎಷ್ಟು ರೂಪಾಯಿ ಎಂದಿರುತ್ತದೆ. ಇದನ್ನು ಗಮನಿಸದೆ ಒಂದು ಯೆನ್ ಎಂದು ಓದಿದರೆ ಉತ್ತರ ನೂರು ಪಟ್ಟು ಹಿಗ್ಗುತ್ತದೆ.

ಎರಡನೆಯದು ಬ್ಯಾಂಕಿನ ಕಾರ್ಡ್ ರೇಟ್. ಎಸ್‌ಬಿಐ ಪ್ರತಿ ಕೆಲಸದ ದಿನ ಹೊರಡಿಸುವ ಹಾಳೆಯಲ್ಲಿ ಒಂದೊಂದು ಕರೆನ್ಸಿಯ ಮುಂದೆ ಎಂಟು ಅಂಕಿಗಳಿರುತ್ತವೆ: ಟಿಟಿ ಬೈ, ಟಿಟಿ ಸೆಲ್, ಬಿಲ್ ಬೈ, ಬಿಲ್ ಸೆಲ್, ಟ್ರಾವೆಲ್ ಕಾರ್ಡಿನ ಬೈ–ಸೆಲ್, ಕರೆನ್ಸಿ ನೋಟಿನ ಬೈ–ಸೆಲ್. ಇಲ್ಲಿ ‘ಬೈ’ ಎಂದರೆ ಬ್ಯಾಂಕ್ ಡಾಲರ್ ಕೊಳ್ಳುವ ದರ, ಅಂದರೆ ನೀವು ಮಾರಿದಾಗ ನಿಮಗೆ ಸಿಗುವುದು. ಈ ಒಂದು ಪದವನ್ನು ಉಲ್ಟಾ ಓದಿದ ಲೆಕ್ಕಗಳು ಬೇಕಾದಷ್ಟಿವೆ. ಟಿಟಿ ಎಂದರೆ ಟೆಲಿಗ್ರಾಫಿಕ್ ಟ್ರಾನ್ಸ್‌ಫರ್. ತಂತಿ ಸೇವೆ ನಿಂತು ವರ್ಷಗಳಾದರೂ ಖಾತೆಯಿಂದ ಖಾತೆಗೆ ಹೋಗುವ ಹಣದ ದರಕ್ಕೆ ಆ ಹೆಸರು ಉಳಿದುಕೊಂಡಿದೆ. ಟಿಟಿ ಬೈ ಸಾಮಾನ್ಯವಾಗಿ ಉಲ್ಲೇಖ ದರಕ್ಕಿಂತ ಕಡಿಮೆ, ನೋಟಿನ ಬೈ ಅದಕ್ಕಿಂತಲೂ ಕಡಿಮೆ.

ಮೂರನೆಯದು ಕಸ್ಟಮ್ಸ್ ದರ. ಆಮದು–ರಫ್ತು ಸರಕಿನ ಮೌಲ್ಯಕ್ಕೆ ಮಾತ್ರ ಇದು ಬಳಕೆ. ತಿಂಗಳಿಗೆ ಎರಡು ಸಲ, ಮೊದಲ ಮತ್ತು ಮೂರನೆಯ ಗುರುವಾರ, ಪ್ರಕಟವಾಗುತ್ತದೆ. ಆಮದಿಗೊಂದು, ರಫ್ತಿಗೊಂದು ಅಂಕಿ. ನೀವು ಸರಕು ತರಿಸಿಕೊಳ್ಳುವವರಲ್ಲದಿದ್ದರೆ ಇದನ್ನು ಮರೆತುಬಿಡಿ.

ಕೊನೆಯದು ನಿಮ್ಮದೇ ವ್ಯವಹಾರದ ದರ. ಹಣ ನಿಜವಾಗಿ ಬಂದಿದ್ದರೆ ಬ್ಯಾಂಕ್ ಕೊಟ್ಟ ಒಳಬರುವ ಹಣದ ಅಡ್ವೈಸಿನಲ್ಲಿ, ಅಂದರೆ ತಿಳಿವಳಿಕೆ ಚೀಟಿಯಲ್ಲಿ, ಅದು ಅಚ್ಚಾಗಿರುತ್ತದೆ. ಖಾತೆಗೆ ಎಷ್ಟು ರೂಪಾಯಿ ಬಿತ್ತು ಎಂಬ ಪ್ರಶ್ನೆಗೆ ಆ ಕಾಗದವೇ ಉತ್ತರ. ಯಾವ ವೆಬ್‌ಸೈಟಿನ ಕೋಷ್ಟಕವೂ ಅದಕ್ಕೆ ಸಮವಲ್ಲ.

ಯಾವ ಕಾಲಕ್ಕೆ ಯಾವ ಮೂಲ

2018ರ ಜುಲೈ ನಂತರದ ದಿನಕ್ಕೆ ಎಫ್‌ಬಿಐಎಲ್, ಅದಕ್ಕೂ ಹಿಂದಿನದಕ್ಕೆ ರಿಸರ್ವ್ ಬ್ಯಾಂಕ್ ಸೈಟಿನ ಉಲ್ಲೇಖ ದರಗಳ ಆರ್ಕೈವ್. ಒಂದು ದಿನದ್ದಲ್ಲ, ಹಲವು ವರ್ಷಗಳ ಸರಾಸರಿ ಬೇಕಿದ್ದರೆ ರಿಸರ್ವ್ ಬ್ಯಾಂಕಿನ ‘ಹ್ಯಾಂಡ್‌ಬುಕ್ ಆಫ್ ಸ್ಟ್ಯಾಟಿಸ್ಟಿಕ್ಸ್’ ತೆಗೆಯಿರಿ. ವರ್ಷದ ಸರಾಸರಿ ಒಂದು ಕಾಲಂ, ವರ್ಷಾಂತ್ಯದ ದರ ಇನ್ನೊಂದು ಕಾಲಂ. ಎರಡೂ ಪಕ್ಕಪಕ್ಕದಲ್ಲಿರುವುದರಿಂದ ಕಣ್ಣು ಜಾರುವುದು ಸುಲಭ.

ಹಳೆಯ ದಿನಗಳ ದರಕ್ಕೆ ಅಮೆರಿಕದ ಫೆಡರಲ್ ರಿಸರ್ವ್ ದಾಖಲೆ ಒಳ್ಳೆಯದು. ಸೇಂಟ್ ಲೂಯಿಸ್ ಫೆಡ್‌ನ ‘ಫ್ರೆಡ್’ ಡೇಟಾಬೇಸಿನಲ್ಲಿ ರೂಪಾಯಿ–ಡಾಲರ್ ದಿನವಹಿ ಸರಣಿ 1973ರ ಜನವರಿಯಿಂದಲೇ ಇದೆ. ಉಚಿತ, ಇಡೀ ಸರಣಿಯನ್ನು ಒಂದೇ ಫೈಲಾಗಿ ಇಳಿಸಿಕೊಳ್ಳಬಹುದು. ಆದರೆ ಅದು ನ್ಯೂಯಾರ್ಕ್ ಮಧ್ಯಾಹ್ನದ ದರ. ಅಲ್ಲಿ ಮಧ್ಯಾಹ್ನ 12 ಆದಾಗ ನಮ್ಮಲ್ಲಿ ಬೇಸಿಗೆಯಾದರೆ ರಾತ್ರಿ 9.30, ಚಳಿಗಾಲವಾದರೆ 10.30. ಮುಂಬೈಯ ಉಲ್ಲೇಖ ದರ ಹೊರಬಿದ್ದು ಹಲವು ಗಂಟೆ ಕಳೆದಿರುತ್ತದೆ. ಶಾಂತ ದಿನಗಳಲ್ಲಿ ವ್ಯತ್ಯಾಸ ಕೆಲವು ಪೈಸೆ ಇರಬಹುದು. 2013ರ ಆಗಸ್ಟಿನಂಥ ತಿಂಗಳಲ್ಲಿ ಹಾಗಲ್ಲ. ಎರಡೂ ಮೂಲಗಳನ್ನು ಒಂದೇ ಕೋಷ್ಟಕದಲ್ಲಿ ಬೆರೆಸಬೇಡಿ. ಬೆರೆಸಲೇಬೇಕಾದರೆ ಎಲ್ಲಿ ಬದಲಾಯಿತು ಎಂದು ಆ ಸಾಲಿನಲ್ಲೇ ಗುರುತು ಹಾಕಿ.

1960ರಿಂದ ವರ್ಷಕ್ಕೊಂದು ಅಂಕಿ ಸಾಕು ಎನ್ನುವವರಿಗೆ ವಿಶ್ವಬ್ಯಾಂಕಿನ ಸರಣಿ ಇದೆ. ಅದು ಜನವರಿ–ಡಿಸೆಂಬರ್ ಲೆಕ್ಕ, ರಿಸರ್ವ್ ಬ್ಯಾಂಕಿನ ಮುಖ್ಯ ಕೋಷ್ಟಕ ಏಪ್ರಿಲ್–ಮಾರ್ಚ್ ಲೆಕ್ಕ. ‘1991ರಲ್ಲಿ ಡಾಲರ್’ ಎಂದು ಹುಡುಕಿದರೆ ಒಂದು ಕಡೆ 22.74, ಇನ್ನೊಂದು ಕಡೆ 1991–92ಕ್ಕೆ 24.47 ಸಿಗುವುದು ಇದೇ ಕಾರಣಕ್ಕೆ.

1947ರಿಂದ 1971: ಪೌಂಡಿನ ಮೂಲಕ ಲೆಕ್ಕ ಹಾಕಿ

ಈ ಕಾಲದ ದರಕ್ಕೆ ಡೇಟಾಬೇಸ್ ಬೇಕಿಲ್ಲ, ಪೆನ್ಸಿಲ್ ಸಾಕು. ರೂಪಾಯಿ ಪೌಂಡಿಗೆ ಕಟ್ಟಿಹಾಕಿತ್ತು, ಪೌಂಡು ಡಾಲರಿಗೆ. 1927ರ ಕರೆನ್ಸಿ ಕಾಯ್ದೆ ಒಂದು ರೂಪಾಯಿಗೆ 1 ಷಿಲಿಂಗ್ 6 ಪೆನ್ಸ್, ಅಂದರೆ 18 ಪೆನ್ಸ್ ಎಂದು ನಿಗದಿ ಮಾಡಿತ್ತು. ಆಗ ಪೌಂಡಿಗೆ 240 ಪೆನ್ಸ್. 240ನ್ನು 18ರಿಂದ ಭಾಗಿಸಿದರೆ ಪೌಂಡಿಗೆ 13.33 ರೂಪಾಯಿ. ಹಳೆಯ ಲೆಕ್ಕಪುಸ್ತಕದಲ್ಲಿ ಇದು 13–5–4 ಎಂದು ಕಾಣುತ್ತದೆ: 13 ರೂಪಾಯಿ, 5 ಆಣೆ, 4 ಪೈ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್ 1ಕ್ಕೆ. ಅದಕ್ಕೂ ಹಿಂದಿನ ಚೀಟಿಯಲ್ಲಿ ‘13–5’ ಎಂದಿದ್ದರೆ ಅದನ್ನು 13.05 ಎಂದು ಟೈಪ್ ಮಾಡಬೇಡಿ, 13.31 ಅದು.

1947ರಲ್ಲಿ ಪೌಂಡಿಗೆ 4.03 ಡಾಲರ್. 13.33ನ್ನು 4.03ರಿಂದ ಭಾಗಿಸಿದರೆ ಡಾಲರಿಗೆ 3.31 ರೂಪಾಯಿ. ಸ್ವಾತಂತ್ರ್ಯ ಬಂದಾಗ ಒಂದು ರೂಪಾಯಿಗೆ ಒಂದು ಡಾಲರ್ ಇತ್ತು ಎಂದು ಪ್ರತಿ ಆಗಸ್ಟ್ 15ಕ್ಕೆ ವಾಟ್ಸಾಪ್‌ನಲ್ಲಿ ಸುತ್ತುವ ಮಾತಿಗೆ ಈ ಒಂದು ಭಾಗಾಕಾರ ಸಾಕು.

1949ರ ಸೆಪ್ಟೆಂಬರ್ 18ರಂದು ಬ್ರಿಟನ್ ಪೌಂಡನ್ನು 4.03ರಿಂದ 2.80 ಡಾಲರಿಗೆ ಇಳಿಸಿತು. ಬೆನ್ನಲ್ಲೇ ಭಾರತವೂ ಅಷ್ಟೇ ಪ್ರಮಾಣದಲ್ಲಿ ಇಳಿಸಿತು. ಹೀಗಾಗಿ ಪೌಂಡಿಗೆ 13.33 ಹಾಗೇ ಉಳಿಯಿತು, ಡಾಲರ್ 4.76 ಆಯಿತು. ಪಾಕಿಸ್ತಾನ ಇಳಿಸಲಿಲ್ಲ. ಆದ್ದರಿಂದ ಅಲ್ಲಿಂದಾಚೆಗೆ ಎರಡು ದೇಶದ ರೂಪಾಯಿಗಳನ್ನು ಒಂದೇ ಎಂದು ಹಿಡಿದು ಲೆಕ್ಕ ಮಾಡುವಂತಿಲ್ಲ.

1966ರ ಜೂನ್ 6ರಿಂದ ಡಾಲರ್ 7.50, ಪೌಂಡ್ 21. ಇಲ್ಲೊಂದು ಶೇಕಡಾವಾರು ಗೊಂದಲವಿದೆ. ಕೆಲವು ಪುಸ್ತಕಗಳು ಆ ಅಪಮೌಲ್ಯವನ್ನು ಶೇ 36.5 ಎನ್ನುತ್ತವೆ, ಕೆಲವು ಶೇ 57.5. ಎರಡೂ ಒಂದೇ ಘಟನೆ. ರೂಪಾಯಿಗೆ ಸಿಗುವ ಡಾಲರ್ ಶೇ 36.5ರಷ್ಟು ಕುಸಿಯಿತು, ಡಾಲರಿಗೆ ಕೊಡಬೇಕಾದ ರೂಪಾಯಿ ಶೇ 57.5ರಷ್ಟು ಏರಿತು. 4.76ನ್ನು 7.50ರಿಂದ ಭಾಗಿಸಿ ಒಂದರಿಂದ ಕಳೆದರೆ ಮೊದಲನೆಯದು, 7.50ನ್ನು 4.76ರಿಂದ ಭಾಗಿಸಿ ಒಂದು ಕಳೆದರೆ ಎರಡನೆಯದು. ನೀವು ಬರೆಯುವಾಗ ಶೇಕಡಾ ಜೊತೆಗೆ ಎರಡೂ ದರ ಬರೆದುಬಿಟ್ಟರೆ ಓದುವವರು ಎಡವುವುದಿಲ್ಲ.

1967ರ ನವೆಂಬರಿನಲ್ಲಿ ಪೌಂಡ್ ಮತ್ತೆ ಇಳಿದು 2.40 ಡಾಲರ್ ಆಯಿತು. ಈ ಸಲ ಭಾರತ ಜೊತೆಗೆ ಇಳಿಯಲಿಲ್ಲ. ಡಾಲರ್ 7.50ರಲ್ಲೇ ನಿಂತಿತು, ಪೌಂಡ್ 21ರಿಂದ 18 ರೂಪಾಯಿಗೆ ಬಂತು. 1968ರ ಲಂಡನ್ ಬಿಲ್ ಒಂದನ್ನು 21ರಿಂದ ಗುಣಿಸಿದರೆ ಪೌಂಡಿಗೆ ಮೂರು ರೂಪಾಯಿ ತಪ್ಪುತ್ತದೆ.

1971ರ ನಂತರ: ಮೂರು ಕೆಟ್ಟ ತಿರುವುಗಳು

1971ರ ಆಗಸ್ಟಿನಲ್ಲಿ ಅಮೆರಿಕ ಡಾಲರಿಗೂ ಚಿನ್ನಕ್ಕೂ ಇದ್ದ ಕೊಂಡಿ ಕಡಿದ ಮೇಲೆ ಸ್ಥಿರ ದರಗಳ ಕಾಲ ಮುಗಿಯಿತು. ಆ ಡಿಸೆಂಬರಿನ ಒಪ್ಪಂದದ ನಂತರ ರೂಪಾಯಿಯನ್ನು ಪೌಂಡಿಗೆ ಕಟ್ಟಿದರು, ಡಾಲರ್ 7.28 ಆಯಿತು. 1972ರ ಜೂನಿನಲ್ಲಿ ಪೌಂಡೇ ಸ್ಥಿರ ದರ ಬಿಟ್ಟು ಮಾರುಕಟ್ಟೆಯಲ್ಲಿ ತೇಲತೊಡಗಿತು, ಅದರ ಬಾಲ ಹಿಡಿದು ರೂಪಾಯಿಯೂ ತೇಲಿತು. 1975ರ ಸೆಪ್ಟೆಂಬರ್ 25ರಿಂದ ರೂಪಾಯಿಯನ್ನು ಹಲವು ಕರೆನ್ಸಿಗಳ ಬುಟ್ಟಿಗೆ ಕಟ್ಟಿದರು. ಈ ಕಾಲಕ್ಕೆ ಪೆನ್ಸಿಲ್ ಲೆಕ್ಕ ನಡೆಯುವುದಿಲ್ಲ, 1973ರಿಂದಾಚೆಗೆ ಫ್ರೆಡ್ ಸರಣಿಯೇ ಗತಿ.

ಎರಡನೆಯ ತಿರುವು 1991ರ ಜುಲೈ. ಜುಲೈ 1ರಂದು ಒಂದು ಹೆಜ್ಜೆ, ಜುಲೈ 3ರಂದು ಇನ್ನೊಂದು. ಸುಮಾರು 21ರಲ್ಲಿದ್ದ ಡಾಲರ್ ಮೂರೇ ದಿನದಲ್ಲಿ 26ರ ಹತ್ತಿರ ಬಂತು. ಆ ವಾರದ ಯಾವುದೇ ವ್ಯವಹಾರಕ್ಕೆ ತಿಂಗಳ ಸರಾಸರಿ ಹಾಕಬೇಡಿ. ವರ್ಷದ ಸರಾಸರಿಯಂತೂ ಇನ್ನೂ ಮೋಸ: 1991–92ರ 24.47 ಎಂಬ ದರದಲ್ಲಿ ಆ ವರ್ಷ ಯಾವ ದಿನವೂ ಡಾಲರ್ ನಿಂತಿರಲಿಲ್ಲ. ಮೊದಲ ಮೂರು ತಿಂಗಳು ಅದಕ್ಕಿಂತ ಕೆಳಗೆ, ಆಮೇಲೆಲ್ಲ ಅದಕ್ಕಿಂತ ಮೇಲೆ. 1966ರದ್ದೂ ಹೀಗೇ. ವಿಶ್ವಬ್ಯಾಂಕ್ ಕೋಷ್ಟಕ ಆ ವರ್ಷಕ್ಕೆ 6.36 ಎನ್ನುತ್ತದೆ. ಜೂನ್ 5ರವರೆಗೆ ದರ 4.76, ಮರುದಿನದಿಂದ 7.50. 6.36 ಎಂಬುದು ಅವೆರಡರ ನಡುವೆ ಗಣಿತ ಹುಟ್ಟಿಸಿದ ಸಂಖ್ಯೆ ಅಷ್ಟೇ.

ಮೂರನೆಯದು 1992ರ ಮಾರ್ಚ್ 1ರಿಂದ ಒಂದು ವರ್ಷ. ಆಗ ದೇಶದಲ್ಲಿ ಕಾನೂನುಬದ್ಧವಾಗಿಯೇ ಎರಡು ದರಗಳಿದ್ದವು. ರಫ್ತುದಾರ ತಂದ ಡಾಲರಿನಲ್ಲಿ ಶೇ 40ನ್ನು ಸರ್ಕಾರಿ ದರಕ್ಕೆ ಒಪ್ಪಿಸಬೇಕು, ಉಳಿದ ಶೇ 60ಕ್ಕೆ ಮಾರುಕಟ್ಟೆ ದರ. ಸರ್ಕಾರಿ ದರ 26, ಮಾರುಕಟ್ಟೆ ದರ 31 ಎಂದು ದುಂಡಗೆ ಹಿಡಿದರೆ, 100 ಡಾಲರಿಗೆ 40×26 ಮತ್ತು 60×31 ಸೇರಿ 2,900 ರೂಪಾಯಿ. ಆತನ ಪಾಲಿಗೆ ಡಾಲರ್ 29. 1992–93ಕ್ಕೆ ಒಂದೇ ಅಂಕಿ ಕೊಡುವ ಕೋಷ್ಟಕ ಸಿಕ್ಕರೆ ಅದರ ಅಡಿಟಿಪ್ಪಣಿ ಓದದೆ ಮುಂದೆ ಹೋಗಬೇಡಿ. 1993ರ ಮಾರ್ಚ್ 1ಕ್ಕೆ ಎರಡೂ ದರ ಒಂದಾದವು.

ಆ ಕಾಲದ ಪತ್ರಿಕೆ ಅಥವಾ ಬ್ಯಾಂಕ್ ಚೀಟಿ ನೋಡುವವರಿಗೆ ಇನ್ನೊಂದು ಎಚ್ಚರಿಕೆ. 1993ರ ಆಗಸ್ಟ್ 2ರವರೆಗೆ ನಮ್ಮ ಬ್ಯಾಂಕುಗಳು ದರವನ್ನು ತಿರುಗಿಸಿ ಹೇಳುತ್ತಿದ್ದವು: 100 ರೂಪಾಯಿಗೆ ಎಷ್ಟು ಡಾಲರ್ ಎಂದು. ಚೀಟಿಯಲ್ಲಿ 3.86 ಎಂದು ಕಂಡರೆ ಗಾಬರಿಯಾಗಬೇಡಿ. 100ನ್ನು 3.86ರಿಂದ ಭಾಗಿಸಿ, 25.91 ಬರುತ್ತದೆ. ಹೀಗೆ ತಿರುಗಿಸಿ ಹೇಳುವ ಪದ್ಧತಿಯಲ್ಲಿ ಕೊಳ್ಳುವ ದರ ಮಾರುವ ದರಕ್ಕಿಂತ ದೊಡ್ಡ ಅಂಕಿಯಾಗಿರುತ್ತದೆ. ಕಡಿಮೆ ಅಂಕಿಯೇ ‘ಬೈ’ ಎಂಬ ಇಂದಿನ ಅಂದಾಜು ಅಲ್ಲಿ ನಡೆಯುವುದಿಲ್ಲ.

ತೆರಿಗೆಗೆ ಬೇಕಾದ ದರ

ಬೆಂಗಳೂರಿನಲ್ಲಿ ಕುಳಿತು ಅಮೆರಿಕದ ಕಂಪನಿಯ ಷೇರು ಪಡೆದವರು ಹಳೆಯ ದರ ಹುಡುಕುವುದು ಹೆಚ್ಚಾಗಿ ಜುಲೈ ತಿಂಗಳಲ್ಲಿ, ರಿಟರ್ನಿನ ಕೊನೆಯ ವಾರದಲ್ಲಿ. ಮೊದಲೇ ಮಾಡಿಟ್ಟುಕೊಂಡರೆ ಅರ್ಧ ಗಂಟೆಯ ಕೆಲಸ.

1962ರ ಆದಾಯ ತೆರಿಗೆ ನಿಯಮಗಳಲ್ಲಿ 115ನೆಯದು ಇದನ್ನು ಹೇಳುತ್ತದೆ. ದರ ಯಾವುದು? ಎಸ್‌ಬಿಐ ಟಿಟಿ ಬೈ. ಯಾವ ದಿನದ್ದು? ಅದು ಆದಾಯದ ಬಗೆಯ ಮೇಲೆ ಹೋಗುತ್ತದೆ. ಸಂಬಳಕ್ಕೆ, ಲಾಭಾಂಶಕ್ಕೆ, ಷೇರು ಮಾರಿದ ಲಾಭಕ್ಕೆ ಹಿಂದಿನ ತಿಂಗಳ ಕೊನೆಯ ದಿನ. ಅಂದರೆ ನವೆಂಬರ್ 14ಕ್ಕೆ ಮಾರಿದ ಷೇರಿಗೆ ಅಕ್ಟೋಬರ್ 31ರ ದರ. ನವೆಂಬರ್ 2ಕ್ಕೆ ಮಾರಿದರೂ, 29ಕ್ಕೆ ಮಾರಿದರೂ ಅದೇ. ಮನೆ ಬಾಡಿಗೆ, ವ್ಯಾಪಾರ, ವಿದೇಶಿ ಖಾತೆಯ ಬಡ್ಡಿಯಂಥ ಇತರ ಮೂಲದ ಆದಾಯಕ್ಕೆ ಆ ಹಣಕಾಸು ವರ್ಷದ ಕೊನೆಯ ದಿನ, ಮಾರ್ಚ್ 31. ಅಲ್ಲಿ ಕಟ್ಟಿದ ತೆರಿಗೆಯನ್ನು ಇಲ್ಲಿ ವಜಾ ಮಾಡಿಸಿಕೊಳ್ಳಲು ನಿಯಮ 128, ತೆರಿಗೆ ಕಟ್ಟಿದ ಅಥವಾ ಮುರಿದ ತಿಂಗಳ ಹಿಂದಿನ ತಿಂಗಳ ಕೊನೆಯ ದಿನ. ವಿದೇಶಿ ಆಸ್ತಿಯ ಷೆಡ್ಯೂಲ್ ಎಫ್‌ಎ ಕ್ಯಾಲೆಂಡರ್ ವರ್ಷದ ಲೆಕ್ಕವಾದ್ದರಿಂದ ಅದಕ್ಕೆ ಡಿಸೆಂಬರ್ 31ರ ದರವೂ ಬೇಕು, ವರ್ಷದೊಳಗೆ ಮೌಲ್ಯ ಗರಿಷ್ಠವಾಗಿದ್ದ ದಿನದ ದರವೂ ಬೇಕು. ಷೇರಿನ ಡಾಲರ್ ಬೆಲೆ ಏರಿದ್ದ ದಿನವೇ ರೂಪಾಯಿ ಮೌಲ್ಯವೂ ಗರಿಷ್ಠ ಎಂದುಕೊಳ್ಳಬೇಡಿ. ಎರಡು ಕಾಲಂಗಳನ್ನು ಗುಣಿಸಿ ನೋಡಿದ ಮೇಲೆಯೇ ಗೊತ್ತಾಗುವುದು.

2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ. ಹಳೆಯ ವರ್ಷಗಳ ರಿಟರ್ನಿಗೆ 1962ರ ನಿಯಮಗಳು, ಅಲ್ಲಿಂದಾಚೆಗಿನ ಆದಾಯಕ್ಕೆ ಹೊಸ ನಿಯಮದ ಸಂಖ್ಯೆ ಮತ್ತು ಪದಗಳನ್ನು ನೋಡಿಕೊಳ್ಳಿ.

ಷೇರು ಮಾರಿದ ಲಾಭದಲ್ಲಿ ಎಲ್ಲಿ ದರ ಹಾಕುತ್ತೀರಿ ಎಂಬುದರ ಮೇಲೆ ಉತ್ತರವೇ ಬದಲಾಗುತ್ತದೆ. 20 ಷೇರು, ಕೈಸೇರಿದಾಗ ತಲಾ 100 ಡಾಲರ್, ದರ 75 ಎಂದಿಟ್ಟುಕೊಳ್ಳಿ. ಮಾರಿದಾಗ ತಲಾ 120 ಡಾಲರ್, ದರ 83. ಲಾಭವನ್ನು ಡಾಲರಿನಲ್ಲೇ ತೆಗೆದು ಆಮೇಲೆ ರೂಪಾಯಿ ಮಾಡಿದರೆ 400 ಡಾಲರ್ ಗುಣಿಸು 83, ಅಂದರೆ 33,200 ರೂಪಾಯಿ. ಕೊಂಡದ್ದನ್ನೂ ಮಾರಿದ್ದನ್ನೂ ಬೇರೆಬೇರೆ ರೂಪಾಯಿ ಮಾಡಿ ಕಳೆದರೆ 1,99,200 ಕಳೆಯಿರಿ 1,50,000, ಅಂದರೆ 49,200. ನಡುವಿನ 16,000 ರೂಪಾಯಿ ಷೇರಿನಿಂದ ಬಂದದ್ದಲ್ಲ, ರೂಪಾಯಿ ಕುಸಿತದಿಂದ ಬಂದದ್ದು. ಕಂಪನಿ ಕೊಟ್ಟ ಷೇರಿನಲ್ಲಿ, ಕೈಸೇರಿದ ದಿನದ ಮೌಲ್ಯಕ್ಕೆ ಸಂಬಳದ ಭಾಗವಾಗಿ ರೂಪಾಯಿಯಲ್ಲೇ ತೆರಿಗೆ ಮುರಿದಿರುತ್ತದೆ, ಅದೇ ನಿಮ್ಮ ಖರೀದಿ ಬೆಲೆ. ಹಾಗಾಗಿ ಎರಡನೆಯ ದಾರಿ ಗಟ್ಟಿಯಾಗಿ ಕಾಣುತ್ತದೆ. ಫಾರಂ 16ರ ಜೊತೆ ಕಂಪನಿ ಕೊಡುವ ಪರ್ಕ್ವಿಸಿಟ್ (ಸಂಬಳದ ಜೊತೆಗಿನ ಸೌಲಭ್ಯಗಳ) ಹಾಳೆಯಲ್ಲಿ ಆ ರೂಪಾಯಿ ಅಂಕಿಯೇ ಇರುತ್ತದೆ, ಅದನ್ನು ಬಿಟ್ಟು ಹೊಸದಾಗಿ ದರ ಹುಡುಕುವ ಅಗತ್ಯವೇ ಇಲ್ಲ. ನಿಮ್ಮ ಆಡಿಟರ್ ಬೇರೆ ದಾರಿ ಹಿಡಿದರೆ ಕಾರಣ ಕೇಳಿ ಬರೆದಿಟ್ಟುಕೊಳ್ಳಿ. ಒಂದು ವರ್ಷ ಒಂದು, ಮರುವರ್ಷ ಇನ್ನೊಂದು ಮಾಡುವುದಕ್ಕಿಂತ ಅದು ಮೇಲು.

ನಿಜವಾದ ತೊಡಕು ಹಳೆಯ ಟಿಟಿ ಬೈ ಹಾಳೆ ಸಿಗುವುದರಲ್ಲಿದೆ. ಬ್ಯಾಂಕಿನ ಸೈಟಿನಲ್ಲಿರುವುದು ಇತ್ತೀಚಿನ ಪಿಡಿಎಫ್ ಮಾತ್ರ, ನಾಳೆಯ ಹಾಳೆ ಬಂದಾಗ ಇವತ್ತಿನದು ಹೋಗಿರುತ್ತದೆ. ಹಿಂದಿನದಕ್ಕೆ ಸ್ವಯಂಸೇವಕರು ದಿನದಿನದ ಪಿಡಿಎಫ್‌ಗಳನ್ನು ಉಳಿಸಿ ಗಿಟ್‌ಹಬ್ ಎಂಬ ಫೈಲ್ ಹಂಚಿಕೆ ಸೈಟಿನಲ್ಲಿ ಪಟ್ಟಿಯಾಗಿ ಇಟ್ಟಿದ್ದಾರೆ. ಅದನ್ನು ಬಳಸುವಾಗ ಪಟ್ಟಿಯ ಅಂಕಿಯನ್ನಷ್ಟೇ ನಂಬದೆ ಮೂಲ ಪಿಡಿಎಫ್ ತೆರೆದು ದಿನಾಂಕ ಹೊಂದಿಸಿ ನೋಡಿ. ಕೆಲವು ದಿನ ಹಾಳೆಯಲ್ಲಿ ಸೊನ್ನೆಗಳೇ ಇರುತ್ತವೆ, ಅಂಥ ದಿನವನ್ನು ರಜೆ ಎಂದೇ ಹಿಡಿಯಿರಿ. ಹಾಳೆಯಲ್ಲಿ ಮೊತ್ತದ ಮಿತಿಗೆ ತಕ್ಕಂತೆ ಎರಡು ಕೋಷ್ಟಕಗಳಿರುವುದೂ ಉಂಟು, 10 ಲಕ್ಷ ರೂಪಾಯಿಗಿಂತ ಕೆಳಗಿನದು ಯಾವುದು ಎಂದು ತಲೆಬರಹ ಓದಿ. ಮುಂದಿನ ವರ್ಷಗಳಿಗೆ ಇದಕ್ಕಿಂತ ಸುಲಭದ ದಾರಿ: ಫೋನಿನಲ್ಲಿ ಪ್ರತಿ ತಿಂಗಳ ಕೊನೆಯ ದಿನಕ್ಕೊಂದು ಅಲಾರಂ ಇಟ್ಟು ಆ ದಿನದ ಪಿಡಿಎಫ್ ಇಳಿಸಿಕೊಳ್ಳುವುದು. ವರ್ಷಕ್ಕೆ ಹನ್ನೆರಡು ಫೈಲು.

ಕೊನೆಯ ದಿನ ರಜೆಯಾದರೆ

2024ರ ಮಾರ್ಚ್ 31ನ್ನೇ ನೋಡಿ. ಅದು ಭಾನುವಾರ. 30 ಶನಿವಾರ, ವಿದೇಶಿ ವಿನಿಮಯ ಮಾರುಕಟ್ಟೆಗೆ ರಜೆ. 29 ಗುಡ್ ಫ್ರೈಡೆ. ಏಪ್ರಿಲ್ 1 ಬ್ಯಾಂಕುಗಳ ವಾರ್ಷಿಕ ಲೆಕ್ಕದ ದಿನ. ಆ ಹಣಕಾಸು ವರ್ಷದ ಕೊನೆಯ ಉಲ್ಲೇಖ ದರ ಮಾರ್ಚ್ 28ರ 83.37. ನಿಯಮ ರಜೆಯ ಬಗ್ಗೆ ಮಾತಾಡುವುದಿಲ್ಲ. ರೂಢಿ ಎಂದರೆ ಹಿಂದಕ್ಕೆ ಹೋಗಿ, ದರವಿರುವ ಮೊದಲ ದಿನ ಹಿಡಿಯುವುದು. ಮುಂದಕ್ಕೆ ಹೋದರೆ ಹೊಸ ಹಣಕಾಸು ವರ್ಷದ ದರವನ್ನು ಹಳೆಯ ವರ್ಷಕ್ಕೆ ಹಾಕಿದಂತಾಗುತ್ತದೆ. ಯಾವ ದಾರಿ ಹಿಡಿದರೂ ‘31 ಭಾನುವಾರ, 28ರ ದರ ಬಳಸಿದೆ’ ಎಂಬ ಟಿಪ್ಪಣಿ ಸಾಲಿನ ಪಕ್ಕದಲ್ಲೇ ಇರಲಿ.

ಸ್ಪ್ರೆಡ್‌ಶೀಟಿನಲ್ಲಿ ಇದನ್ನು ತಾನಾಗಿ ಮಾಡಿಸಬಹುದು. ದರಗಳ ಪಟ್ಟಿಯನ್ನು ಹಳೆಯ ದಿನದಿಂದ ಹೊಸದಕ್ಕೆ ಜೋಡಿಸಿ, ವಿ-ಲುಕಪ್ ಫಂಕ್ಷನ್ನಿನ ಕೊನೆಯ ಆಯ್ಕೆಯನ್ನು ‘ಟ್ರೂ’ ಎಂದಿಡಿ. ಕೇಳಿದ ದಿನ ಪಟ್ಟಿಯಲ್ಲಿ ಇಲ್ಲದಿದ್ದರೆ ಅದರ ಹಿಂದಿನ ದಿನದ ದರ ಎತ್ತಿಕೊಡುತ್ತದೆ. ಮೂರು ಕಡೆ ಇದು ಕೈಕೊಡುತ್ತದೆ. ಪಟ್ಟಿ ಹೊಸದರಿಂದ ಹಳೆಯದಕ್ಕೆ ಇದ್ದರೆ ತಪ್ಪು ದರ ಕೊಡುತ್ತದೆ, ಅದೂ ಯಾವ ಎಚ್ಚರಿಕೆಯಿಲ್ಲದೆ. ಫ್ರೆಡ್ ಫೈಲಿನಲ್ಲಿ ರಜಾ ದಿನಗಳ ಸಾಲು ಇರುತ್ತದೆ, ದರದ ಜಾಗ ಮಾತ್ರ ಖಾಲಿ. ಆ ಸಾಲುಗಳನ್ನು ಮೊದಲೇ ಅಳಿಸದಿದ್ದರೆ ಉತ್ತರ ಸೊನ್ನೆ. ಇನ್ನು ಅಮೆರಿಕದ ಬ್ರೋಕರ್ ಕೊಟ್ಟ ಫೈಲಿನಲ್ಲಿ ತಿಂಗಳು ಮೊದಲು, ದಿನ ಆಮೇಲೆ. 03/04 ಎಂಬುದು ಅವರಿಗೆ ಮಾರ್ಚ್ 4, ನಿಮ್ಮ ಕಂಪ್ಯೂಟರಿಗೆ ಏಪ್ರಿಲ್ 3. ಹಿಂದಿನ ತಿಂಗಳ ಕೊನೆಯ ದಿನದ ಲೆಕ್ಕವಾದ್ದರಿಂದ ಒಂದು ಇಡೀ ತಿಂಗಳು ಜರುಗುತ್ತದೆ. ಅಷ್ಟೇ ಅಲ್ಲ, ಮಾರ್ಚ್ ಹೋಗಿ ಏಪ್ರಿಲ್ ಆದರೆ ಹಣಕಾಸು ವರ್ಷವೇ ಬದಲಾಗುತ್ತದೆ. ದಿನ 12ಕ್ಕಿಂತ ದೊಡ್ಡದಿರುವ ಒಂದು ಸಾಲು ಹುಡುಕಿ, ಅದು ಸರಿಯಾಗಿ ಓದಿಸಿಕೊಂಡಿದೆಯೇ ಎಂದು ನೋಡಿದರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ದಿರ್ಹಮ್, ರಿಯಾಲ್: ಡಾಲರ್ ದಾಟಿ ಹೋಗುವ ದಾರಿ

ಮಂಗಳೂರು, ಉಡುಪಿ, ಭಟ್ಕಳದ ಮನೆಗಳಲ್ಲಿ ಡಾಲರಿಗಿಂತ ಕೊಲ್ಲಿಯ ಹಣದ ಲೆಕ್ಕವೇ ಜಾಸ್ತಿ. ಅದಕ್ಕೆ ಪ್ರತ್ಯೇಕ ಹಳೆಯ ಕೋಷ್ಟಕ ಹುಡುಕಿ ಸುಸ್ತಾಗಬೇಕಿಲ್ಲ. ಯುಎಇ ದಿರ್ಹಮ್ 1997ರಿಂದ ಡಾಲರಿಗೆ 3.6725ರಲ್ಲಿ ನಿಂತಿದೆ, ಸೌದಿ ರಿಯಾಲ್ 1986ರಿಂದ 3.75ರಲ್ಲಿ, ಒಮಾನಿ ರಿಯಾಲ್ ಅದೇ 1986ರಿಂದ 0.3845ರಲ್ಲಿ. ಆ ದಿನದ ರೂಪಾಯಿ–ಡಾಲರ್ ದರವನ್ನು ಈ ಅಂಕಿಯಿಂದ ಭಾಗಿಸಿದರೆ ಮುಗಿಯಿತು. 2013ರ ಆಗಸ್ಟ್ 28ಕ್ಕೆ 68.36 ಭಾಗಿಸು 3.6725, ದಿರ್ಹಮಿಗೆ 18.61 ರೂಪಾಯಿ. ಸೌದಿ ರಿಯಾಲಿಗೆ 18.23. ಒಮಾನಿಗೆ 177.79. ಕುವೈತ್ ದಿನಾರಿಗೆ ಈ ಉಪಾಯ ಹಿಡಿಯುವುದಿಲ್ಲ, 2007ರಿಂದ ಅದು ಕರೆನ್ಸಿಗಳ ಬುಟ್ಟಿಗೆ ಕಟ್ಟಿದ್ದು.

ಕೊಲ್ಲಿಯ ಇನ್ನೂ ಹಳೆಯ ಕಾಗದ ಸಿಕ್ಕರೆ, 1960ರ ದಶಕದ ಆದಿಯದ್ದು, ಅದರಲ್ಲಿ ‘ರೂಪಾಯಿ’ ಎಂದೇ ಇರಬಹುದು. ಆಗ ಅಲ್ಲಿ ಓಡುತ್ತಿದ್ದುದು ನಮ್ಮ ರಿಸರ್ವ್ ಬ್ಯಾಂಕ್ 1959ರಿಂದ ಪ್ರತ್ಯೇಕವಾಗಿ ಅಚ್ಚುಹಾಕಿಸಿದ ಗಲ್ಫ್ ರೂಪಾಯಿ. ಬೆಲೆ ಇಲ್ಲಿನ ರೂಪಾಯಿಗೆ ಸಮ, ಬಣ್ಣ ಬೇರೆ. 1966ರ ಅಪಮೌಲ್ಯದ ಹೊತ್ತಿಗೆ ಅದು ಮೂಲೆ ಸೇರತೊಡಗಿತು. 1966ಕ್ಕೂ ಹಿಂದಿನ ಅಂಥ ಕಾಗದಕ್ಕೆ ವಿನಿಮಯ ದರವೇ ಬೇಡ, ಇದ್ದ ಅಂಕಿಯೇ ರೂಪಾಯಿ.

ಪೌಂಡಿಗೆ ಫ್ರೆಡ್ ಬಳಸುವಾಗ ಒಂದು ಮಾತು. ಅಲ್ಲಿ ರೂಪಾಯಿ, ಯೆನ್ ಸರಣಿಗಳು ‘ಡಾಲರಿಗೆ ಎಷ್ಟು’ ಎಂದಿವೆ, ಪೌಂಡ್ ಮತ್ತು ಯೂರೋ ‘ಒಂದಕ್ಕೆ ಎಷ್ಟು ಡಾಲರ್’ ಎಂದಿವೆ. ಆದ್ದರಿಂದ ಪೌಂಡಿಗೆ ಗುಣಾಕಾರ, ಯೆನ್‌ಗೆ ಭಾಗಾಕಾರ. 1999ಕ್ಕಿಂತ ಮುಂಚೆ ಯೂರೋ ಇರಲಿಲ್ಲ. ಜರ್ಮನಿಯ ಹಳೆಯ ಬಿಲ್ ಮಾರ್ಕಿನಲ್ಲಿರುತ್ತದೆ, ಒಂದು ಯೂರೋಗೆ 1.95583 ಮಾರ್ಕ್ ಎಂಬುದು ಶಾಶ್ವತ ದರ.

ದರ ಸರಿಯಿದ್ದೂ ಅರ್ಥ ತಪ್ಪುವುದು

1965ರಲ್ಲಿ ಯಾರೋ 1,000 ಡಾಲರ್ ವಿದ್ಯಾರ್ಥಿವೇತನ ಪಡೆದರು ಎಂದು ಬರೆಯುತ್ತಾ ‘ಅಂದರೆ ಎಂಬತ್ತು ಸಾವಿರ ರೂಪಾಯಿ’ ಎಂದು ಸೇರಿಸುವವರಿದ್ದಾರೆ. ಆಗ ಅದು 4,762 ರೂಪಾಯಿ. ಇಂದಿನ ಬೆಲೆಗೆ ತರಬೇಕಿದ್ದರೆ ಆ 4,762ನ್ನು ನಮ್ಮ ಬೆಲೆ ಸೂಚ್ಯಂಕದಿಂದ ಏರಿಸಿ. ಇಲ್ಲವೇ 1,000 ಡಾಲರನ್ನು ಅಮೆರಿಕದ ಸೂಚ್ಯಂಕದಿಂದ ಏರಿಸಿ, ಆಮೇಲೆ ಇಂದಿನ ದರ ಹಾಕಿ. ಎರಡು ದಾರಿಯ ಉತ್ತರ ಹೊಂದುವುದಿಲ್ಲ. ಹಣ ಖರ್ಚಾದದ್ದು ಎಲ್ಲಿ ಎಂದು ನೋಡಿ ಆರಿಸಿಕೊಳ್ಳಿ: ಇಲ್ಲಿ ಖರ್ಚಾದದ್ದಕ್ಕೆ ಮೊದಲನೆಯದು, ಅಲ್ಲಿ ಖರ್ಚಾದದ್ದಕ್ಕೆ ಎರಡನೆಯದು.

ಕಾಫಿ ನಾಡಿನವರು ಮಾಡುವ ಲೆಕ್ಕದಲ್ಲೂ ಇಂಥದ್ದೇ ಒಂದು ಗುಂಡಿ ಇದೆ. ನ್ಯೂಯಾರ್ಕಿನಲ್ಲಿ ಅರೇಬಿಕಾ ಬೆಲೆ ಪೌಂಡ್ ತೂಕಕ್ಕೆ ಇಷ್ಟು ಸೆಂಟ್ ಎಂದಿರುತ್ತದೆ. 100ರಿಂದ ಭಾಗಿಸಿ ಡಾಲರ್ ಮಾಡಿ, 2.2046ರಿಂದ ಗುಣಿಸಿ ಕಿಲೋಗೆ ತನ್ನಿ, ಆಮೇಲೆ ರೂಪಾಯಿ ದರ. 1977ರಲ್ಲಿ ಅಲ್ಲಿ ಬೆಲೆ ಪೌಂಡಿಗೆ 3 ಡಾಲರ್ ದಾಟಿತ್ತು. ಆ ವರ್ಷದ ಸರಾಸರಿ ದರ ಸುಮಾರು 8.74. 3 ಡಾಲರ್ ಹಿಡಿದರೆ ಕಿಲೋಗೆ ಸುಮಾರು 58 ರೂಪಾಯಿ. ಗಣಿತ ಸರಿಯಾಗಿಯೇ ಇದೆ. ಆದರೆ ಚಿಕ್ಕಮಗಳೂರಿನ ಬೆಳೆಗಾರನ ಕೈಗೆ ಆ ದುಡ್ಡು ಬಂತೆಂದು ಬರೆಯುವಂತಿಲ್ಲ. ಆಗ ಬೆಳೆಯೆಲ್ಲ ಕಾಫಿ ಬೋರ್ಡಿನ ಪೂಲಿಗೆ, ಅಂದರೆ ಒಟ್ಟು ಸಂಗ್ರಹಕ್ಕೆ, ಹೋಗಬೇಕಿತ್ತು, ಹಣ ಕಂತುಕಂತಾಗಿ ಬರುತ್ತಿತ್ತು. ಆ ಪದ್ಧತಿ ಹಂತಹಂತವಾಗಿ ಸಡಿಲಗೊಂಡು ಪೂರ್ತಿ ಹೋದದ್ದು 1996ರಲ್ಲಿ. ಅದಕ್ಕೂ ಹಿಂದಿನ ವರ್ಷಗಳಿಗೆ ಬೋರ್ಡಿನ ಪೂಲ್ ಪಾವತಿಯ ಚೀಟಿ ಹುಡುಕಿ. ಅದು ರೂಪಾಯಿಯಲ್ಲೇ ಇರುತ್ತದೆ.

ಬರೆದಿಡುವ ರೀತಿ

ಪ್ರತಿ ದರಕ್ಕೂ ಒಂದು ಸಾಲು. ವ್ಯವಹಾರದ ದಿನ, ದರದ ದಿನ, ದರದ ಬಗೆ, ಎಲ್ಲಿಂದ ತೆಗೆದದ್ದು, ಯಾವತ್ತು ಇಳಿಸಿಕೊಂಡದ್ದು. ದಶಮಾಂಶವನ್ನು ಮೂಲದಲ್ಲಿ ಇದ್ದಂತೆಯೇ ಇಡಿ. ಸುತ್ತುವುದು ಕೊನೆಯ ರೂಪಾಯಿ ಮೊತ್ತದಲ್ಲಿ ಮಾತ್ರ. 83.3739 ಎಂಬ ದರವನ್ನು 83.4 ಮಾಡಿ 50,000 ಡಾಲರಿಗೆ ಗುಣಿಸಿದರೆ 1,305 ರೂಪಾಯಿ ಹೆಚ್ಚು ಬರುತ್ತದೆ. ಪಿಡಿಎಫ್ ಫೈಲಿನ ಹೆಸರನ್ನು ವರ್ಷ–ತಿಂಗಳು–ದಿನ ಈ ಕ್ರಮದಲ್ಲಿ ಕೊಟ್ಟರೆ ಫೋಲ್ಡರಿನಲ್ಲಿ ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ಮೂರು ವರ್ಷದ ನಂತರ ನೋಟಿಸು ಬಂದಾಗ ಹುಡುಕಬೇಕಾದದ್ದು ಅಲ್ಲೇ.